ಸೆಟ್ಟರ್ ಪೇಪರ್ ಹಾಕಿದ ಮೇಲೆ

ಹೊಸೂರಿನ ಸುತ್ತ ಯುದ್ಧವಿಮಾನದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಗಳಿಗೆ ಕ್ವಾಲಿಟಿ ಸಲಹೆ ಕೊಡುವುದು ನನ್ನ ಕೆಲಸ. ಸೋಮವಾರ ಬೆಳಿಗ್ಗೆ ಫೋನ್ ಬಂತೆಂದರೆ ವಿಷಯ ಹೆಚ್ಚಾಗಿ ಒಂದೇ: "ಸಾರ್, ಸೆಟ್ಟರ್ ಪೇಪರ್ ಹಾಕಿದ." ಅಂದರೆ ಪೀಸನ್ನು ಯಂತ್ರದಲ್ಲಿ ಬಿಗಿದು ಅಳತೆಗೆ ಹೊಂದಿಸುವವನು ರಾಜೀನಾಮೆ ಕೊಟ್ಟ ಅಂತ.

ಎಲ್ಲಿಗೆ ಅಂತ ಕೇಳಬೇಕಿಲ್ಲ. ಅತ್ತಿಬೆಲೆ ದಾಟಿದರೆ ಬೊಮ್ಮಸಂದ್ರ, ಜಿಗಣಿ. ಬಾಗಲೂರು, ತಳಿ ಕಡೆಯ ನಮ್ಮ ಹುಡುಗರಿಗೆ ಕನ್ನಡ, ತೆಲುಗು, ತಮಿಳು ಮೂರೂ ಬರುತ್ತದೆ. ಗಡಿ ಅವರಿಗೆ ಲೆಕ್ಕಕ್ಕಿಲ್ಲ.

ಹೊಸಬ ಇನ್ನೂ ಕಡಿಮೆ ಸಂಬಳಕ್ಕೆ ಸಿಗುತ್ತಾನಲ್ಲ ಅಂತ ಮಾಲೀಕರಿಗೆ ಒಳಗೊಳಗೇ ಸಮಾಧಾನ. ತೆಳು ಗೋಡೆಯ ಅಲ್ಯೂಮಿನಿಯಂ ಪೀಸು ಕ್ಲಾಂಪ್‌ನಲ್ಲಿದ್ದಾಗ ಅಳತೆ ಸರಿ ತೋರಿಸುತ್ತದೆ. ಬಿಚ್ಚಿದ ಕೂಡಲೇ ಬಾಗುತ್ತದೆ. ಎಷ್ಟು ಬಿಗಿಯಬೇಕು, ಕೊನೆಯ ಕಟ್‌ಗೆ ಮುಂಚೆ ಎಷ್ಟು ಸಡಿಲಿಸಬೇಕು ಅನ್ನುವುದು ಡ್ರಾಯಿಂಗ್‌ನಲ್ಲಿ ಇರುವುದಿಲ್ಲ. ಹೋದವನ ಕೈಯಲ್ಲಿತ್ತು. ಹೊಸಬ ಅದನ್ನು ಕಲಿಯುವಷ್ಟರಲ್ಲಿ ಸ್ಕ್ರ್ಯಾಪ್ ತೊಟ್ಟಿ ತುಂಬಿರುತ್ತದೆ.

ಆಗ ಬರುವ ಮಾತು: "ಸುಮ್ನೆ ಈ ಕೆಲಸಾನ ಹೊರಗೆ ಕೊಟ್ಟುಬಿಡೋಣ." ತಪ್ಪೇನೂ ಇಲ್ಲ. ಎಚ್‌ಎಎಲ್ ಕೂಡ ತೇಜಸ್‌ನ ರೆಕ್ಕೆಯನ್ನು ಕೊಯಮತ್ತೂರಿನಲ್ಲಿ ಎಲ್ ಅಂಡ್ ಟಿಯಿಂದ ಮಾಡಿಸುತ್ತದೆ. ಆದರೆ ಮೇಲಿನಿಂದ ಬರುವ ಆರ್ಡರ್ ಎಲ್1 ದರದ್ದು, ಅಂದರೆ ಎಲ್ಲರಿಗಿಂತ ಕಡಿಮೆ ಕೋಟ್ ಮಾಡಿದವನಿಗೆ ಸಿಕ್ಕಿದ್ದು. ಅದರಲ್ಲಿ ಎರಡನೇ ಸಲ ಪಾಲು ಹಂಚಲು ಉಳಿಯುವುದು ಎಷ್ಟು?

ನಮ್ಮ ಕ್ಷೇತ್ರದ ನಿಯಮವೂ ಅಡ್ಡ ಬರುತ್ತದೆ. ವಿಮಾನ ಬಿಡಿಭಾಗಗಳ ಮೊದಲ ಪೀಸನ್ನು ಪರೀಕ್ಷಿಸುವ ಮಾನದಂಡವಾದ ಎಎಸ್ 9102 ಪ್ರಕಾರ ಪೀಸು ತಯಾರಾಗುವ ಜಾಗ ಬದಲಾದರೆ, ಅದರಿಂದ ವ್ಯತ್ಯಾಸವಾಗಬಹುದಾದ ಅಳತೆಗಳನ್ನೆಲ್ಲ ಮೊದಲ ಪೀಸಿನಲ್ಲಿ ಮತ್ತೆ ಪರೀಕ್ಷಿಸಿ ದಾಖಲೆ ಮಾಡಬೇಕು. 2 ವರ್ಷ ಉತ್ಪಾದನೆ ನಿಂತಿದ್ದರೂ ಅದೇ ಕಥೆ. ಹೊರಗೆ ಕೊಟ್ಟು ಯಂತ್ರದ ಗಂಟೆ ದರದಲ್ಲಿ ಉಳಿಸಿದ ಕಾಸು ಈ ಪರೀಕ್ಷೆಗೇ ಹೋಗುತ್ತದೆ. ಹೊರಗಿನವನು ಕೆಡಿಸಿದರೂ ರಿಜೆಕ್ಷನ್ ನೋಟ್ ಬರುವುದು ನಮ್ಮ ಹೆಸರಿಗೇ ಅಲ್ವಾ?

ಕಾಂಟ್ರಾಕ್ಟ್ ಹುಡುಗರ ವಿಷಯವೂ ಹಾಗೇ. ಕಾಂಟ್ರಾಕ್ಟರ್ ಸಂಬಳ ಕೊಡದಿದ್ದರೆ ಕೊಡಬೇಕಾದವರು ಕಾರ್ಖಾನೆಯ ಮಾಲೀಕರು. ಇದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿತ್ತು, ನವೆಂಬರ್ 2025ರಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಇದೆ. ನಿಗದಿತ ಅವಧಿಗೆ ಸೇರಿದವರಿಗೆ ಈಗ 5 ವರ್ಷ ಬೇಡ, 1 ವರ್ಷಕ್ಕೇ ಗ್ರಾಚ್ಯುಟಿ. 11 ತಿಂಗಳ ಒಪ್ಪಂದಗಳು ಇನ್ನು ಜಾಸ್ತಿಯಾಗುತ್ತವೆ ಅಂತ ನನ್ನ ಅನುಮಾನ. ಹಾಗಾದರೆ ಸೆಟ್ಟರ್ ತಯಾರಾಗುವುದೇ ಇಲ್ಲ.

ನನಗೆ ಗೊತ್ತಿರುವ ಒಂದು ಕಾರ್ಖಾನೆಯವರು ರಿಟೈರ್ ಆದ ಸೆಟ್ಟರ್ ಒಬ್ಬರನ್ನು ಶನಿವಾರ ಮಾತ್ರ ಕರೆಸಿಕೊಳ್ಳುತ್ತಾರೆ, ದಿನಗೂಲಿ ಕೊಟ್ಟು. ಹೊಸ ಹುಡುಗ "ಎಷ್ಟು ಬಿಗಿಯಬೇಕು?" ಅಂತ ಕೇಳಿದ. "ಇಷ್ಟು" ಅಂತ ಕೈಯಲ್ಲೇ ಬಿಗಿದು ತೋರಿಸಿದರು. ಹುಡುಗ ಬಿಗಿತ ಅಳೆಯುವ ಟಾರ್ಕ್ ರೆಂಚ್ ತಂದು ಅವರ ಕೈಗೆ ಕೊಟ್ಟ. ಮುಳ್ಳು ನಿಂತ ಅಂಕಿಯನ್ನು ಸೆಟಪ್ ಶೀಟ್‌ನಲ್ಲಿ ಬರೆದುಕೊಂಡ.