ಮಾನಸಿಕ ಆಘಾತ: ಪೆಟ್ಟೋ, ಗಾಯವೋ?

ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸಿನ ಬೆಲೆ ಇಳಿದರೆ ರೈತರಿಗೆ ಆಘಾತ. ಮೂರನೇ ವಿಕೆಟ್ ಬಿದ್ದರೆ ತಂಡಕ್ಕೆ ಆಘಾತ. ಪತ್ರಿಕೆಯವರು ಹೀಗೆ ಬರೆದುಕೊಂಡರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಅದೇ ಸಲೀಸಿನಲ್ಲಿ ಈ ಪದ ಅಪಘಾತ ಪರಿಹಾರದ ಅರ್ಜಿಗೂ ನುಸುಳಿದೆ. ‘ಅರ್ಜಿದಾರರು ತೀವ್ರ ಮಾನಸಿಕ ಆಘಾತಕ್ಕೊಳಗಾಗಿರುತ್ತಾರೆ’ ಎಂಬ ಸಾಲು ಒಂದು ಎಂ.ವಿ.ಸಿ. (ವಾಹನ ಅಪಘಾತ ಪರಿಹಾರದ) ಕೇಸಿನಿಂದ ಇನ್ನೊಂದಕ್ಕೆ ಅಕ್ಷರ ಬದಲಾಗದೆ ಸಾಗುತ್ತದೆ. ತೊಡೆ ಮೂಳೆ ಮುರಿದವರಿಗೂ ಅದೇ, ಮೊಣಕೈ ತರಚಿದವರಿಗೂ ಅದೇ. ಇಲ್ಲಿ ಮಾತ್ರ ಗಂಟು ಹೋಗುತ್ತದೆ, ಅದೂ ಅರ್ಜಿದಾರರದು.

ಆಘಾತದ ಬೇರು ಸಂಸ್ಕೃತದ ‘ಹನ್’ ಧಾತು. ಹೊಡೆ, ಕೊಲ್ಲು ಎಂದರ್ಥ. ಅಪಘಾತ, ವಿಶ್ವಾಸಘಾತ, ಘಾತುಕ ಎಲ್ಲ ಒಂದೇ ಬಳ್ಳಿಯವು. ಸಂಗೀತದವರ ‘ಆಹತ ನಾದ’ವೂ ಅದರದೇ ಕುಡಿ: ಬಡಿದಾಗ ಹುಟ್ಟುವ ನಾದ. ಹಾಗಾಗಿ ಆಘಾತ ಎಂದರೆ ಪೆಟ್ಟು, ಅದು ಬೀಳುವ ಗಳಿಗೆ. ನಾವು ಅದಕ್ಕೆ ಸಮನಾಗಿ ನಿಲ್ಲಿಸಿರುವ ‘ಟ್ರಾಮಾ’ ಗ್ರೀಕ್ ಮೂಲದ್ದು. ಅದರ ಅರ್ಥ ಗಾಯ. ಪೆಟ್ಟು ಬಿದ್ದ ಮರುಗಳಿಗೆ ಮುಗಿದುಹೋಗುತ್ತದೆ, ಗಾಯ ಉಳಿಯುತ್ತದೆ, ಕೆಲವೊಮ್ಮೆ ಕೀವಾಗುತ್ತದೆ. ‘ಏಟು ಬಿತ್ತು’ ಅನ್ನುವುದಕ್ಕೂ ‘ಇನ್ನೂ ಮಾಗಿಲ್ಲ’ ಅನ್ನುವುದಕ್ಕೂ ಇರುವ ಅಂತರ ಸಂತೆಗೆ ಹೋಗಿ ಬರುವ ಎಲ್ಲರಿಗೂ ಗೊತ್ತು. ಅರ್ಜಿ ಬರೆಯುವಾಗ ಮರೆತುಹೋಗುತ್ತದೆ.

ಟ್ರಾಮಾ ಮೈಯಿಂದ ಮನಸ್ಸಿಗೆ ದಾಟಿದ ದಾರಿಯಲ್ಲೂ ಪರಿಹಾರದ ದಾವೆಗಳೇ ನಿಂತಿದ್ದವು. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ರೈಲು ಅಪಘಾತದಿಂದ ಮೂಳೆ ಮುರಿಯದೆ ಪಾರಾದವರೂ ನಿದ್ದೆ ಇಲ್ಲದೆ, ಕೆಲಸ ಮಾಡಲಾಗದೆ ನರಳುತ್ತಿದ್ದರು. 1866ರಲ್ಲಿ ಎರಿಕ್ಸನ್ ಎಂಬ ಶಸ್ತ್ರವೈದ್ಯ, ಇದು ಬೆನ್ನುಹುರಿಗೆ ಆದ ಜಖಂ ಎಂದ. ರೈಲ್ವೆ ಕಂಪನಿಯೊಂದರ ಶಸ್ತ್ರವೈದ್ಯನಾಗಿದ್ದ ಹರ್ಬರ್ಟ್ ಪೇಜ್ 1880ರ ದಶಕದಲ್ಲಿ, ಹುರಿಗೆ ಏನೂ ಆಗಿಲ್ಲ, ಎಲ್ಲ ಭಯದ ಕೆಲಸ ಎಂದು ವಾದಿಸಿದ. ಕಂಪನಿಯ ಪರ ಆಡಿದ ಆ ಮಾತೇ ಮುಂದೆ ಭಯಕ್ಕೂ ಇಷ್ಟು ಶಕ್ತಿಯಿದೆ ಎಂಬ ತಿಳಿವಳಿಕೆಗೆ ಬಾಗಿಲು ತೆರೆಯಿತು. 1889ರಲ್ಲಿ ಜರ್ಮನಿಯ ಓಪನ್‌ಹೈಮ್ ಇಂಥ ತೊಂದರೆಗಳಿಗೆ ಟ್ರಾಮಾದ ಹೆಸರನ್ನೇ ಇಟ್ಟ. ಪಿಟಿಎಸ್‌ಡಿ (ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್, ಅಂದರೆ ಟ್ರಾಮಾದ ನಂತರ ಉಳಿಯುವ ಮನಸ್ಸಿನ ತೊಂದರೆ) ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ.

ಇಷ್ಟೆಲ್ಲ ಆದರೂ ಆಸ್ಪತ್ರೆಯ ಬೋರ್ಡಿನಲ್ಲಿ ‘ಟ್ರಾಮಾ’ ಎಂದರೆ ಇವತ್ತಿಗೂ ಮೈಗಾಯವೇ. ಅದಕ್ಕೇ ಮನಸ್ಸಿನ ತೊಂದರೆಗೆ ಸಾಕ್ಷಿ ತನ್ನಿ ಎಂದರೆ ಜನ ತಲೆಯ ಸಿ.ಟಿ. ಸ್ಕ್ಯಾನ್ ಹಿಡಿದು ಬರುತ್ತಾರೆ. ಸ್ಕ್ಯಾನಿನಲ್ಲಿ ಪಿಟಿಎಸ್‌ಡಿ ಕಾಣುವುದಿಲ್ಲ. ವೂಂಡ್ ಸರ್ಟಿಫಿಕೇಟಿನಲ್ಲೂ ಇರುವುದಿಲ್ಲ. ಅದು ಮೈಮೇಲಿನ ಗಾಯಗಳ ಪಟ್ಟಿ.

ಮನೋವೈದ್ಯರ ಮೌಲ್ಯಮಾಪನ ಹುಡುಕುವುದು ಪೆಟ್ಟಿನ ನಂತರ ಉಳಿದದ್ದನ್ನು. ಶ್ರೀನಿವಾಸಪುರದಿಂದ ಮಾವಿನಕಾಯಿ ಹೊಡೆಯುವ ಬೊಲೆರೊ ಚಾಲಕನೊಬ್ಬ ಮುಳಬಾಗಿಲು ಹೆದ್ದಾರಿಯಲ್ಲಿ ಡಿಕ್ಕಿಗೆ ಸಿಕ್ಕ ಎಂದಿಟ್ಟುಕೊಳ್ಳಿ. ಕೈ ಕೂಡಿಕೊಂಡಿದೆ. ಆದರೆ ಲಾರಿ ಹಾರ್ನ್ ಕೇಳಿದರೆ ಮೈ ಬೆವರುತ್ತದೆ, ಆ ತಿರುವು ತಪ್ಪಿಸಲು ಸುತ್ತು ದಾರಿ ಹಿಡಿಯುತ್ತಾನೆ, ರಾತ್ರಿ ಕೂಗಿಕೊಂಡು ಏಳುತ್ತಾನೆ, ಸ್ಟೀರಿಂಗ್ ಮುಟ್ಟಲು ಒಲ್ಲ. ಅಜ್ಜಿಯರು ‘ಹುಡುಗ ಬೆಚ್ಚಿದ್ದಾನೆ, ಅಂತ್ರ ಕಟ್ಟಿಸಿ’ ಅನ್ನುತ್ತಿದ್ದರಲ್ಲ, ಅಂತ್ರದ ಮಾತು ಬಿಡಿ, ಅವರು ಗಮನಿಸಿದ್ದು ಸರಿಯಾಗೇ ಇತ್ತು. ಅರ್ಜಿಯ ‘ತೀವ್ರ ಆಘಾತ’ಕ್ಕಿಂತ ‘ಬೆಚ್ಚಿ ಏಳುತ್ತಾನೆ’ ಎಂಬುದು ವೈದ್ಯರಿಗೆ ಹೆಚ್ಚು ಹೇಳುತ್ತದೆ. ಅವರು ಇದನ್ನೆಲ್ಲ ಬಿಡಿಸಿ ಕೇಳುತ್ತಾರೆ. ಹೆಂಡತಿಯನ್ನೋ ಅಣ್ಣನನ್ನೋ ಕೂರಿಸಿ ಅಪಘಾತಕ್ಕೆ ಮೊದಲು ಹೇಗಿದ್ದ ಎಂದು ವಿಚಾರಿಸುತ್ತಾರೆ. ಉತ್ಪ್ರೇಕ್ಷೆ ಇದೆಯೇ ಎಂದೂ ನೋಡುತ್ತಾರೆ. ಪಿಸಿಎಲ್-5 ಎಂಬ ಲಕ್ಷಣಗಳ ಪಟ್ಟಿಯಲ್ಲಿ 20 ಪ್ರಶ್ನೆ, 80 ಅಂಕ. ಮೊಬೈಲಿನಲ್ಲಿ ಅದನ್ನು ತಾವೇ ತುಂಬಿ ‘ನನಗೆ ಪಿಟಿಎಸ್‌ಡಿ ಇದೆ’ ಅನ್ನುವವರಿಗೆ ಒಂದು ಮಾತು: ಅದು ಜರಡಿ ಅಷ್ಟೇ, ತೀರ್ಮಾನ ವೈದ್ಯರದು. ಲಕ್ಷಣಗಳು ಒಂದು ತಿಂಗಳು ದಾಟಿರಬೇಕು ಎಂಬ ನಿಯಮವೂ ಇದೆ. ಮೂರನೇ ದಿನವೇ ಬರೆಸಿದ ಪಿಟಿಎಸ್‌ಡಿ ವರದಿ ನಿಲ್ಲುವುದು ಕಷ್ಟ. ಎರಡು ವರ್ಷ ಒಂದು ಒಪಿಡಿ ಚೀಟಿಯೂ ಇಲ್ಲದೆ ವಿಚಾರಣೆಯ ಹಿಂದಿನ ವಾರ ಬರೆಸಿದ್ದು ಇನ್ನೂ ಕಷ್ಟ.

ಕಾನೂನಿನಲ್ಲೂ ಪೆಟ್ಟು-ಗಾಯದ ಈ ಅಂತರ ದುಡ್ಡಿನ ಲೆಕ್ಕಕ್ಕೆ ಬರುತ್ತದೆ. 2010ರ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ನೋವು, ಯಾತನೆ, ಟ್ರಾಮಾ ಮೂರನ್ನೂ ಒಂದೇ ಬಾಬತ್ತಿನಲ್ಲಿ ಇಟ್ಟಿದೆ. ಸಾಧಾರಣ ಗಾಯದ ಪ್ರಕರಣದಲ್ಲೂ ಅದು ಸಿಗುತ್ತದೆ. ನಕಲು ಮಾಡಿದ ಆ ಸಾಲಿಗೆ ದಕ್ಕುವುದು ಹೆಚ್ಚೆಂದರೆ ಅಷ್ಟೇ. ಮುಂದಿನ ದುಡಿಮೆಯ ನಷ್ಟ ಬೇರೆ ಬಾಬತ್ತು. ಅದಕ್ಕೆ ಗಂಭೀರ ಗಾಯವೂ ಅದನ್ನು ತೋರಿಸುವ ನಿರ್ದಿಷ್ಟ ವೈದ್ಯಕೀಯ ಸಾಕ್ಷ್ಯವೂ ಬೇಕು. ಎಡಗೈ ಹೋದ ಚಾಲಕನಿಗೋ ಬಡಗಿಗೋ ಆಗುವ ನಷ್ಟ ಸರ್ಕಾರಿ ಗುಮಾಸ್ತನಿಗೆ ಆಗದಿರಬಹುದು ಎಂದೂ ಅದೇ ತೀರ್ಪು ಹೇಳಿದೆ. ನಮ್ಮ ಬೊಲೆರೊ ಚಾಲಕನಿಗೆ ಈ ತರ್ಕವನ್ನು ಹೊಂದಿಸಿ ನೋಡಿ: ಕೈ ನೆಟ್ಟಗಿದ್ದೂ ಗಾಡಿ ಓಡಿಸಲಾರ ಎಂಬುದೇ ಅವನ ಕೇಸಿನ ತಿರುಳು. ಅರ್ಜಿಯಲ್ಲಿ ಅದೊಂದನ್ನೇ ಬರೆದಿರುವುದಿಲ್ಲ.

ಬರೆದರೂ ಚೀಟಿ ಲಗತ್ತಿಸಿದರೆ ಮುಗಿಯಲಿಲ್ಲ. ತಪಾಸಣೆ ಮಾಡಿದ ವೈದ್ಯರು ಪಾಟೀಸವಾಲಿಗೆ ಸಿಗದಿದ್ದರೆ ಪ್ರಮಾಣಪತ್ರದಲ್ಲಿನ ವೈಕಲ್ಯದ ಶೇಕಡಾವಾರು ರುಜುವಾತಾಗುವುದಿಲ್ಲ ಎಂಬುದೂ ಅದೇ ತೀರ್ಪಿನ ಮಾತು. ಅಂದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರೋ ಬೆಂಗಳೂರಿನ ನಿಮ್ಹಾನ್ಸಿನವರೋ, ಯಾರು ನೋಡಿದರೋ ಅವರು ಸಾಕ್ಷಿ ಹೇಳಿ ಪಾಟೀಸವಾಲು ಎದುರಿಸಬೇಕು. ಯಾವುದೋ ಶಿಬಿರದಲ್ಲಿ ಕೌನ್ಸೆಲಿಂಗ್ ಮಾಡಿದವರು ಕೊಟ್ಟ ಬಣ್ಣದ ಸರ್ಟಿಫಿಕೇಟ್ ಇನ್ಶೂರೆನ್ಸ್ ವಕೀಲರ ಎರಡನೇ ಪ್ರಶ್ನೆಗೇ ಮಗುಚಿಕೊಳ್ಳುತ್ತದೆ.