ಡ್ರಿಬಲ್ ಬರಲ್ಲ ಅನ್ನುವ ಮುಂಚೆ ಚೆಂಡು ನೋಡಿ

ಮುಂಬೈನ ಮಾಟುಂಗಾ, ವಡಾಳಾ ಕಡೆಯ ಕನ್ನಡದ ಮನೆಗಳಿಂದ ಬಾಸ್ಕೆಟ್‌ಬಾಲ್ ಕಲಿಯಲು ಬರುವ ಮಕ್ಕಳ ಅಪ್ಪ-ಅಮ್ಮಂದಿರದು ಮೊದಲ ವಾರ ಒಂದೇ ದೂರು: "ಸರ್, ಇವನಿಗೆ ಡ್ರಿಬಲ್ ಬರೋದೇ ಇಲ್ಲ." ಡ್ರಿಬಲ್ ಅಂದರೆ ಚೆಂಡನ್ನು ಕೈಯಿಂದ ನೆಲಕ್ಕೆ ಪುಟಿಸುತ್ತಾ ಸಾಗುವುದು. ಹುಡುಗನ ವಿಷಯ ಆಮೇಲೆ. ಮೊದಲು ಚೆಂಡು ಕೊಡಿ ಅನ್ನುತ್ತೇನೆ.

ಪರೀಕ್ಷೆ ಸುಲಭ. ಚೆಂಡಿನ ತಳ ನೆಲದಿಂದ 1.8 ಮೀಟರ್ ಮೇಲಿರುವಂತೆ ಹಿಡಿದು ಸುಮ್ನೆ ಕೈಬಿಡಿ, ದಬ್ಬಬೇಡಿ. ಪುಟಿದಾಗ ಚೆಂಡಿನ ತಲೆ 1.2ರಿಂದ 1.4 ಮೀಟರ್ ಒಳಗೆ ಬರಬೇಕು. ಅಂತಾರಾಷ್ಟ್ರೀಯ ಒಕ್ಕೂಟ ಫೀಬಾ ಬಹುಕಾಲ ಬಳಸಿದ ಅಳತೆ ಇದು. ದೊಡ್ಡವರಿಗೆ ಹೆಚ್ಚುಕಡಿಮೆ ಎದೆಮಟ್ಟ. ಸೊಂಟದ ಹತ್ತಿರವೇ ನಿಂತುಬಿಟ್ಟರೆ ಹವಾ ಕಮ್ಮಿ.

ಒಳಗೆ ಆಗುವುದಿಷ್ಟು. ನೆಲಕ್ಕೆ ಬಡಿದಾಗ ಚೆಂಡಿನ ತಳ ಚಪ್ಪಟೆಯಾಗುತ್ತದೆ. ಗಾಳಿ ಒತ್ತಿಕೊಳ್ಳುತ್ತದೆ, ರಬ್ಬರ್ ಬಾಗುತ್ತದೆ. ಗಾಳಿ ಪಡೆದದ್ದನ್ನು ಬಹುಪಾಲು ವಾಪಸ್ ಕೊಡುತ್ತದೆ. ರಬ್ಬರ್ ಹಾಗಲ್ಲ, ಒಂದಿಷ್ಟನ್ನು ಬಿಸಿಯ ರೂಪದಲ್ಲಿ ಕಳೆದುಬಿಡುತ್ತದೆ. ಅದಕ್ಕೇ ಸುಮ್ನೆ ಬಿಟ್ಟ ಚೆಂಡು ಮೊದಲಿನ ಎತ್ತರ ಮುಟ್ಟಲ್ಲ. ಹವಾ ಕಮ್ಮಿಯಾದಷ್ಟೂ ರಬ್ಬರ್ ಜಾಸ್ತಿ ಬಾಗುತ್ತದೆ, ನಷ್ಟವೂ ಜಾಸ್ತಿ. ಡ್ರಿಬಲ್ ಮಾಡುವ ಕೈಗೆ ಇರುವ ಕೆಲಸವೇ ಪ್ರತಿ ಪುಟಿತದಲ್ಲೂ ಆ ನಷ್ಟ ತುಂಬಿಕೊಡುವುದು. ಮೆತ್ತಗಿನ ಚೆಂಡು ಸಿಕ್ಕ ಮಗು ಬೆರಳಲ್ಲಿ ತಳ್ಳಿದರೆ ಸಾಲುವುದಿಲ್ಲ, ಅಂಗೈಯಿಂದ ಪಟಪಟ ಬಾರಿಸುತ್ತದೆ. ಆ ಅಭ್ಯಾಸ ಅಂಟಿಕೊಂಡರೆ ಬಿಡಿಸಲು ನನಗೆ ತಿಂಗಳುಗಟ್ಟಲೆ ಬೇಕು.

ಎಷ್ಟು ಹವಾ ಅನ್ನುವುದು ಸಾಮಾನ್ಯವಾಗಿ ಚೆಂಡಿನ ಮೇಲೇ ಇರುತ್ತದೆ, 7ರಿಂದ 9 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸು. ಸೈಕಲ್ ಅಂಗಡಿಯಲ್ಲಿ ಹಾಕಿಸಿದರೂ ಸರಿ, ಆದರೆ ಪಿನ್ ಒದ್ದೆ ಮಾಡಿಯೇ ತೂರಿಸಲು ಹೇಳಿ. ಒಣ ಪಿನ್ ವಾಲ್ವ್ ಹರಿಯುತ್ತದೆ. ಎಸಿ ಹಾಲ್‌ನ ತಂಪಿನಲ್ಲಿ ಒಳಗಿನ ಒತ್ತಡ ಸ್ವಲ್ಪ ಇಳಿಯುತ್ತದೆ, ಆಡುವ ಜಾಗದಲ್ಲೇ ಪರೀಕ್ಷೆ ಮಾಡುವುದು ವಾಸಿ. ಸೊಸೈಟಿಯ ಸಿಮೆಂಟ್ ಕೋರ್ಟಿಗೆ ರಬ್ಬರ್ ಚೆಂಡು ಸಾಕು. ದುಬಾರಿ ಲೆದರ್ ಚೆಂಡು ಮುಂಬೈ ಮಳೆಯಲ್ಲಿ ನೆನೆದರೆ ಮುಗೀತು.

ಸೈಜ್ ಇನ್ನೊಂದು ರಗಳೆ. ಏಳನೇ ನಂಬರ್ ಗಂಡಸರದು, ಸುಮಾರು 600 ಗ್ರಾಂ. ಹೆಂಗಸರಿಗೆ ಆರು. ಒಂಬತ್ತು ವರ್ಷದ ಮಗುವಿಗೆ ಐದು. "ಮುಂದೆ ಬೇಕಾಗುತ್ತಲ್ವಾ" ಅಂತ ಏಳನ್ನೇ ತರುವ ಮಾಮಂದಿರಿದ್ದಾರೆ. ಚಪ್ಪಲಿ ಹಾಗೆ ತರುತ್ತೀರಾ?

ಈಗ ನಿಯಮ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಶುರು ಮಾಡಿದಾಗ 13 ನಿಯಮಗಳಿದ್ದವು, ಚೆಂಡು ಫುಟ್‌ಬಾಲಿನದು. ಡ್ರಿಬಲ್‌ನ ಮಾತೇ ಇರಲಿಲ್ಲ. ಚೆಂಡು ಹಿಡಿದು ಓಡುವಂತಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕು, ಅಷ್ಟೇ. ಎಸೆಯಲು ಯಾರೂ ಸಿಗದಿದ್ದಾಗ ಆಟಗಾರರು ನೆಲಕ್ಕೆ ಎಸೆದು ತಾವೇ ಹಿಡಿಯತೊಡಗಿದರು. ಇವತ್ತಿನ ಡ್ರಿಬಲ್ ನಿಯಮಗಳೆಲ್ಲ ಆ ಜಾಣತನಕ್ಕೆ ಹಾಕಿದ ಬೇಲಿ. ಎರಡೂ ಕೈಯಲ್ಲಿ ಹಿಡಿದರೆ ಡ್ರಿಬಲ್ ಮುಗಿಯಿತು. ಮತ್ತೆ ಶುರು ಮಾಡಿದರೆ ಡಬಲ್ ಡ್ರಿಬಲ್. ಚೆಂಡಿನ ಅಡಿಗೆ ಅಂಗೈ ಕೊಟ್ಟು ಹೊತ್ತೊಯ್ದರೆ ಕ್ಯಾರಿ. ಎರಡಕ್ಕೂ ಚೆಂಡು ಎದುರಾಳಿಗೆ.

ಉಳಿದದ್ದು ನೋಡುತ್ತಾ ಬರುತ್ತದೆ. ಐದೈದು ಜನ, ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಚೆಂಡು ಸಿಕ್ಕ 24 ಸೆಕೆಂಡಿನೊಳಗೆ ಬುಟ್ಟಿಗೆ ಶಾಟ್. ಬುಟ್ಟಿಗೆ 2 ಅಂಕ, 6.75 ಮೀಟರ್ ಗೆರೆಯಾಚೆಯಿಂದ 3, ಫೌಲ್‌ಗೆ ಸಿಗುವ ತಡೆಯಿಲ್ಲದ ಎಸೆತ ಫ್ರೀ ಥ್ರೋಗೆ 1. ಒಬ್ಬ ಆಟಗಾರನದು ಐದು ಫೌಲ್ ಆದರೆ ಅವನು ಹೊರಗೆ.

ಬದಿಯಲ್ಲಿ ನಿಂತು "ಏಯ್, ಎರಡೇ ಸ್ಟೆಪ್!" ಎಂದು ಕೂಗುವವರಿಗೆ ಒಂದು ಮಾತು. ಎರಡು ಹೆಜ್ಜೆಯ ಲೆಕ್ಕ ಓಡುತ್ತಾ ಚೆಂಡನ್ನು ಕೈಗೆ ತೆಗೆದುಕೊಂಡ ಮೇಲೆ. ಚೆಂಡು ಕೈ ಬಿಟ್ಟು ನೆಲಕ್ಕೆ ಹೋಗಿ ಬರುವಷ್ಟರಲ್ಲಿ ಎಷ್ಟು ಹೆಜ್ಜೆಯಾದರೂ ಹಾಕಬಹುದು. ನಾಗಪಾಡಾದ ಕೋರ್ಟುಗಳಲ್ಲಿ ಆಡುವ ಚುರುಕು ಹುಡುಗರನ್ನು ನೋಡಿ: ಚೆಂಡನ್ನು ಮುಂದಕ್ಕೆ ದೂರ ತಳ್ಳಿ, ಒಂದು ಪುಟಿತಕ್ಕೆ ಮೂರು-ನಾಲ್ಕು ಹೆಜ್ಜೆ ಓಡಿ, ಅರ್ಧ ಕೋರ್ಟ್ ದಾಟಿರುತ್ತಾರೆ. ರೆಫರಿ ಸೀಟಿ ಊದಲ್ಲ.