ಆಗುಂಬೆ ಘಾಟಿಯ ಆಕಾರದ ಗಣಿತ

ನಮ್ಮ ಚಿಕ್ಕಪ್ಪ ಮಳೆ ಲೆಕ್ಕ ಬರೆದಿಡುವವರು. ತೀರ್ಥಹಳ್ಳಿ ಕಡೆ ಅಡಿಕೆ ತೋಟ, ಅಂಗಳದ ತುದಿಯಲ್ಲೊಂದು ಮಳೆಮಾಪಕ. ಬೆಳಿಗ್ಗೆ ಕಾಫಿಗೂ ಮೊದಲು ಅದನ್ನು ನೋಡಿ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯದಿದ್ದರೆ ಅವರಿಗೆ ಸಮಾಧಾನವಿಲ್ಲ. ಮೊನ್ನೆ ಅದರ ಒಂದು ಪುಟ ನನ್ನ ಮುಂದಿಟ್ಟರು. ಲೆಕ್ಕಕ್ಕೆ ಸುಲಭವಾಗಲಿ ಎಂದು ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿ ಹೇಳುತ್ತೇನೆ. ಹತ್ತು ಮಳೆದಿನ: 3, 3, 4, 5, 6, 8, 10, 15, 40, 150 ಮಿ.ಮೀ.

"ಸರಾಸರಿ ದಿನಕ್ಕೆ 24" ಎಂದೆ.

"24 ಬಿದ್ದ ಒಂದು ದಿನ ತೋರಿಸು ನೋಡೋಣ" ಎಂದರು.

ಇಲ್ಲ! ಹತ್ತರಲ್ಲಿ ಎಂಟು ದಿನ ಸರಾಸರಿಗಿಂತ ಕಡಿಮೆ. ನಟ್ಟನಡುವಿನ ಅಂಕಿ ಬರೀ 7. ಒಂದೇ ಒಂದು ದಿನದ ಜಡಿಮಳೆ ಸರಾಸರಿಯನ್ನು ಕುತ್ತಿಗೆ ಹಿಡಿದು ಎಳೆದುಕೊಂಡು ಹೋಗಿದೆ. ಆದರೂ ಸರಾಸರಿ ಅಂದರೆ 'ಮಾಮೂಲಿ' ಎಂದೇ ನಾವೆಲ್ಲ ನಂಬಿದ್ದೇವೆ. ಇದರ ತಮ್ಮನಂಥ ಇನ್ನೊಂದು ನಂಬಿಕೆಯೂ ಇದೆ. ಪುನರ್ವಸು ಕೈಕೊಟ್ಟಿತು, ಪುಷ್ಯ ಬಾಕಿ ತೀರಿಸುತ್ತೆ ಅನ್ನುವುದು. ಮೋಡಕ್ಕೆ ಯಾವ ಅಂಗಡಿಯಲ್ಲೂ ಖಾತೆ ಇಲ್ಲ ಸ್ವಾಮಿ.

ಯಾವ ಅಂಕಿ ಎಷ್ಟು ಸಲ ಬರುತ್ತೆ ಅಂತ ತೋರಿಸಲು ಶಾಲೆಯಲ್ಲಿ ಕಲಿತ ಗಂಟೆ ಆಕಾರದ ನಾರ್ಮಲ್ ರೇಖೆಯನ್ನು ಇಂಥ ಅಂಕಿಗಳ ಮೇಲೆ ಹೊದಿಸಿದರೆ ತಮಾಷೆ ನೋಡಬೇಕು. ಸರಾಸರಿ 24, ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಸುಮಾರು 45. ಆ ರೇಖೆಯ ಪ್ರಕಾರ ನೂರರಲ್ಲಿ ಸುಮಾರು 30 ದಿನ ಸೊನ್ನೆಗಿಂತ ಕಡಿಮೆ ಮಳೆ! ಅಂದರೆ ಅಂಗಳದ ನೀರು ಹೆಂಚು ಹತ್ತಿ ಆಕಾಶಕ್ಕೆ ವಾಪಸ್ ಹೋಗಬೇಕು.

ಮಳೆ, ಆಸ್ಪತ್ರೆ ಬಿಲ್ಲು, ಬಲ್ಬಿನ ಆಯಸ್ಸು, ಜನರ ಆದಾಯ. ಯಾವುದೂ ಸೊನ್ನೆಯ ಕೆಳಗೆ ಇಳಿಯುವುದಿಲ್ಲ, ಮೇಲೆ ಮಾತ್ರ ಎಲ್ಲಿಗೆ ಬೇಕಾದರೂ ಹೋಗಬಹುದು. ಇವುಗಳ ರೇಖೆ ಹೇಗಿರುತ್ತೆ ಅಂತ ಮಲೆನಾಡಿನವರಿಗೆ ವಿವರಿಸುವ ಅಗತ್ಯವೇ ಇಲ್ಲ. ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಮೇಲೆ ಉತ್ತರಕ್ಕೆ ಮುಖ ಮಾಡಿ ನಿಂತುಕೊಳ್ಳಿ. ಎಡಕ್ಕೆ ಸೋಮೇಶ್ವರದ ಕಡೆ ಧಡಕ್ಕನೆ ಬೀಳುವ ಘಾಟಿ. ಬಲಕ್ಕೆ ತೀರ್ಥಹಳ್ಳಿ, ಶಿವಮೊಗ್ಗ ದಾಟಿ ಬಂಗಾಳ ಕೊಲ್ಲಿಯವರೆಗೂ ಇಳಿಯುತ್ತಲೇ ಹೋಗುವ ನೆಲ. ಸಮುದ್ರವೇ ಸೊನ್ನೆ. ಅಲ್ಲಿಂದ ಕಡಿದಾದ ಏರು, ಒಂದು ನೆತ್ತಿ, ಆಮೇಲೆ ಮುಗಿಯದ ಬಾಲ.

ಈ ಆಕಾರಕ್ಕೆ ಒಂದಲ್ಲ, ಹಲವು ಸೂತ್ರಗಳಿವೆ. ಎಕ್ಸ್‌ಪೊನೆನ್ಶಿಯಲ್, ಗ್ಯಾಮಾ, ವೈಬುಲ್, ಲಾಗ್‌ನಾರ್ಮಲ್ ಹೀಗೆ. ಬರ ಅಳೆಯುವ ಎಸ್‌ಪಿಐ ಸೂಚ್ಯಂಕದಲ್ಲಿ ಸಾಮಾನ್ಯವಾಗಿ ಬಳಸುವುದು ಗ್ಯಾಮಾ. ವೈಬುಲ್ ಎಂಬುದು ಸ್ವೀಡನ್ನಿನ ಇಂಜಿನಿಯರ್ ವಾಲೋಡಿ ವೈಬುಲ್ ಹೆಸರು. ನನಗೆ ಈ ಮನುಷ್ಯನ ಮೇಲೆ ವಿಶೇಷ ಪ್ರೀತಿ. ತನ್ನ ಸೂತ್ರ ಎಲ್ಲೆಲ್ಲಿ ಹೊಂದುತ್ತೆ ಅಂತ ತೋರಿಸಲು 1951ರ ಪ್ರಬಂಧದಲ್ಲಿ ಏಳು ಉದಾಹರಣೆ ಕೊಟ್ಟ. ಉಕ್ಕಿನ ಬಲ ಸರಿ, ಅದು ಅವನ ಕಸುಬು. ಅದರ ಜೊತೆಗೆ ಭಾರತದ ಹತ್ತಿ ನಾರಿನ ಬಲ, ಬೀನ್ಸ್ ಕಾಳಿನ ಅಗಲ! ಸುಮ್ನೆ ಅಲ್ಲ, ಎಲ್ಲ ಅಳತೆಯ ಅಂಕಿಗಳೇ.

ಈ ಸೂತ್ರಗಳು ಬೇರೆ ಬೇರೆ ಮನೆಯವೇನಲ್ಲ. 1962ರಲ್ಲಿ ಇ. ಡಬ್ಲ್ಯೂ. ಸ್ಟೇಸಿ ಎಂಬಾತ ಇವನ್ನೆಲ್ಲ ಒಂದೇ ಸೂರಿನಡಿ ತಂದ. ಅದೇ ಜನರಲೈಸ್ಡ್ ಗ್ಯಾಮಾ. ಅದಕ್ಕೂ 37 ವರ್ಷ ಮೊದಲೇ ಇಟಲಿಯ ಅರ್ಥಶಾಸ್ತ್ರಜ್ಞ ಲುಯಿಜಿ ಅಮೊರೊಸೊ ಆದಾಯ ಹಂಚಿಕೆಯ ಲೆಕ್ಕಕ್ಕೆ ಇದೇ ಕುಟುಂಬದ ಸೂತ್ರ ಬರೆದಿದ್ದ.

ಹಳೇ ಕಾಲದ ರೇಡಿಯೊ ನೆನಪಿದೆಯಾ? ಇದೂ ಹಾಗೆಯೇ, ತಿರುವುವುದಕ್ಕೆ ಎರಡು ಗುಂಡಿ. ಹಿಗ್ಗಿಸಿ ಕುಗ್ಗಿಸುವ ಮೂರನೆಯದೂ ಇದೆ, ಅದು ಮಿ.ಮೀ. ಅನ್ನು ಇಂಚು ಮಾಡಿದಂತೆ ಅಷ್ಟೇ. ಮೊದಲ ಗುಂಡಿ 'ಡಿ' ಘಾಟಿಯ ಕಡೆಯದು. ಸೊನ್ನೆಯ ಹತ್ತಿರ ಏನಾಗುತ್ತೆ ಅಂತ ಹೇಳುತ್ತೆ. ಡಿ ಒಂದಕ್ಕಿಂತ ಜಾಸ್ತಿ ಇದ್ದರೆ ರೇಖೆ ಸೊನ್ನೆಯಿಂದ ಹತ್ತುತ್ತೆ. ಕಡಿಮೆ ಇದ್ದರೆ ಹತ್ತುವುದೇ ಇಲ್ಲ, ಕಡಲ ದಡದಲ್ಲೇ ಗೋಡೆ ಎದ್ದ ಹಾಗೆ. ಎರಡನೆಯದು 'ಪಿ', ಬಾಲದ ಗುಂಡಿ. ದೊಡ್ಡ ಅಂಕಿಗಳು ಎಷ್ಟು ಅಪರೂಪ ಅಂತ ಹೇಳುತ್ತೆ. ಪಿ ಅನ್ನು ಒಂದರಲ್ಲಿ ನಿಲ್ಲಿಸಿದರೆ ಗ್ಯಾಮಾ. ಎರಡೂ ಗುಂಡಿ ಸಮ ಇಟ್ಟರೆ ವೈಬುಲ್. ಎರಡೂ ಒಂದಾದರೆ ಎಕ್ಸ್‌ಪೊನೆನ್ಶಿಯಲ್. ಲಾಗ್‌ನಾರ್ಮಲ್ ಮಾತ್ರ ಮನೆಯೊಳಗೆ ಇಲ್ಲ. ಗುಂಡಿಗಳನ್ನು ಒಂದು ದಿಕ್ಕಿಗೆ ತಿರುವುತ್ತಲೇ ಹೋದರೆ ಬೇಲಿಯಾಚೆ ಕಾಣುತ್ತೆ.

ಪಿ ಮಾಡುವ ಕೆಲಸವನ್ನು ಕಡೆಗಣಿಸಬೇಡಿ. ಒಂದು ಆಟದ ಲೆಕ್ಕ. ಮಳೆದಿನಗಳಲ್ಲಿ ಅರ್ಧದಷ್ಟು ದಿನ 20 ಮಿ.ಮೀ. ದಾಟುತ್ತೆ ಅನ್ನೋಣ. ಎಕ್ಸ್‌ಪೊನೆನ್ಶಿಯಲ್‌ನಲ್ಲಿ ಪ್ರತಿ 20ಕ್ಕೂ ಅವಕಾಶ ಅರ್ಧ ಆಗುತ್ತೆ. 40ಕ್ಕೆ ಕಾಲು, 60ಕ್ಕೆ ಎಂಟರಲ್ಲೊಂದು. 200 ಮಿ.ಮೀ. ದಾಟುವುದು 1024 ಮಳೆದಿನಕ್ಕೊಮ್ಮೆ. ಈಗ ವೈಬುಲ್ ಮಾಡಿ ಎರಡೂ ಗುಂಡಿಯನ್ನು ಅರ್ಧಕ್ಕೆ ತಿರುವಿ. 20ರ ಅರ್ಧ ಹಾಗೇ ಇರಲಿ. ಮುಂದಿನ ಅರ್ಧಕ್ಕೆ 80ರವರೆಗೆ ಹೋಗಬೇಕು, ಅದರ ಮುಂದಿನದಕ್ಕೆ 180. ಎಳೆದಷ್ಟೂ ಬರುವ ಹಲಸಿನ ಮೇಣದ ಹಾಗೆ. 200 ದಾಟುವುದು ಹೆಚ್ಚುಕಡಿಮೆ 9 ಮಳೆದಿನಕ್ಕೊಮ್ಮೆ! ನಡುವಿನ ಅಂಕಿ ಎರಡಕ್ಕೂ ಒಂದೇ. ಆದರೆ ಮೊದಲನೆಯದನ್ನು ನಂಬಿ ತೋಡಿದ ಬಸಿಗಾಲುವೆ ಎರಡನೆಯ ಊರಿನಲ್ಲಿ ಒಂದು ಮಳೆಗಾಲ ಉಳಿಯುವುದಿಲ್ಲ.

ಹಾಗಾದರೆ ಯಾವಾಗಲೂ ದೊಡ್ಡ ಸೂತ್ರವನ್ನೇ ಹಾಕಿದರಾಯಿತು ಅಲ್ವಾ? ಆಗುವುದಿಲ್ಲ. ಅಂಕಿ ಕಡಿಮೆ ಇದ್ದಾಗ ಡಿ ಮತ್ತು ಪಿ ಒಂದರ ತಪ್ಪನ್ನು ಒಂದು ಮುಚ್ಚಿಹಾಕುತ್ತವೆ. ತೀರಾ ಬೇರೆ ಬೇರೆ ಜೋಡಿಗಳು ಹೆಚ್ಚುಕಡಿಮೆ ಒಂದೇ ರೇಖೆ ಕೊಡುತ್ತವೆ. ಈ ಜಗಳ ಬಿಡಿಸಲೆಂದೇ 1974ರಲ್ಲಿ ಪ್ರೆಂಟಿಸ್ ಎಂಬ ಸಂಖ್ಯಾಶಾಸ್ತ್ರಜ್ಞ ಸೂತ್ರವನ್ನು ಬೇರೆ ರೀತಿಯಲ್ಲಿ ಬರೆದ. ಬೇಲಿಯಾಚೆಯ ಲಾಗ್‌ನಾರ್ಮಲ್ ಕೂಡ ಅದರಲ್ಲಿ ಒಳಗೆ ಬಂತು. ಆದರೂ ಹತ್ತು ದಿನದ ಪುಟದಿಂದ ಬಾಲದ ಉದ್ದ ಹೇಳುವವರನ್ನು ನಾನಂತೂ ನಂಬುವುದಿಲ್ಲ. 24 ಎಂದು ಹೇಳಿದ ನನ್ನನ್ನೂ ಸೇರಿಸಿ.

ಚಿಕ್ಕಪ್ಪನಿಗೆ ಇಷ್ಟೆಲ್ಲ ಹೇಳಿದ ಮೇಲೆ ಅವರು ಕೇಳಿದ್ದು ಒಂದೇ: "ನಮ್ಮ ತೋಟ 1024ದ್ದೋ, 9ದ್ದೋ?"

ಹಳೇ ನೋಟ್‌ಬುಕ್ಕುಗಳನ್ನೆಲ್ಲ ಕೊಡಿ ಎಂದೆ. ಅಟ್ಟ ಹತ್ತಿ ಒಂದು ಕಟ್ಟು ಇಳಿಸಿದರು. ಕೆಳಗಿನ ಅರ್ಧವನ್ನು ಗೆದ್ದಲು ತಿಂದಿತ್ತು.